ಮಗ್ಗದ ಎಡಗಡೆ

ಗದ್ವಾಲದ ಸೀರೆ ಒಬ್ಬರಿಂದ ಆಗುವ ಕೆಲಸವಲ್ಲ. ಒಡಲು ಹತ್ತಿ, ಎರಡೂ ಅಂಚು ರೇಷ್ಮೆ. ಹತ್ತಿಗೆ ಒಂದು ಲಾಳಿ, ಬಲ ಅಂಚಿಗೆ ಒಂದು, ಎಡ ಅಂಚಿಗೆ ಇನ್ನೊಂದು. ಹಾಗಾಗಿ ಒಂದೇ ಮಗ್ಗದ ಕುಣಿಯಲ್ಲಿ ಇಬ್ಬರು ಕಾಲು ಇಳಿಬಿಟ್ಟು ಪಕ್ಕಪಕ್ಕದಲ್ಲಿ ಕೂರಬೇಕು. ಯಜಮಾನಿಕೆ ಬಲಗಡೆ ಕೂತವರದು. ಮಣೆ ತುಳಿಯುವುದು, ಬಲ ಅಂಚಿನ ಲಾಳಿಯನ್ನೂ ಒಡಲಿನ ಲಾಳಿಯನ್ನೂ ಓಡಿಸುವುದು, ಹಲಗೆ ಎಳೆದು ಬಡಿಯುವುದು, ಎಲ್ಲ ಅವರದೇ. ಎಡಗಡೆ ಕೂತವರದು ಒಂದೇ ಕೆಲಸ: ಅತ್ತಲಿಂದ ಬಂದ ಹತ್ತಿ ಎಳೆಗೆ ತಮ್ಮ ರೇಷ್ಮೆ ಎಳೆಯನ್ನು ಸಿಕ್ಕಿಸಿ, ಹದವಾಗಿ ಎಳೆದು, ಲಾಳಿಯನ್ನು ಅಂಚಿನ ತುದಿಗೆ ದಾಟಿಸುವುದು. ಹತ್ತಿ, ರೇಷ್ಮೆ ಎರಡೂ ಒಂದಕ್ಕೊಂದು ಸಿಕ್ಕಿಕೊಳ್ಳುವ ಆ ಸಾಲಿಗೆ ನಮ್ಮ ಮನೆಯಲ್ಲಿ ಕೂಡು ಅನ್ನುತ್ತಿದ್ದೆವು. ಬಲಗಡೆಯ ಕೂಡು ಒಬ್ಬರದೇ ಎರಡು ಕೈಗಳಲ್ಲಿ ಆಗುತ್ತದೆ. ಎಡಗಡೆಯದು ಇಬ್ಬರ ನಡುವೆ ಆಗಬೇಕು. ನಾನು ಹೇಳಹೊರಟಿರುವುದು ಆ ಎಡಗಡೆಯ ಕೂಡಿನ ವಿಷಯ.

ಮೇಲೆ ನಿಜಾಮರ ಹುಕುಮತ್ತು, ಊರಿಗೆ ಸಂಸ್ಥಾನದ ದರ್ಬಾರು. ನಮಗೆ ಮಾತ್ರ ಮಗ್ಗದ ಕುಣಿಯೇ ರಾಜ್ಯ. ಅಲ್ಲಿ ಬಲಗಡೆ ನನ್ನ ಅತ್ತೆ, ಎಡಗಡೆ ನನ್ನ ಗಂಡ. ಮಾವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನಾನು ಗೋಡೆಗೆ ಒರಗಿ ರಾಟೆ ತಿರುಗಿಸುತ್ತ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದೆ. ನನ್ನ ತವರು ನಾರಾಯಣಪೇಟೆ. ಅಲ್ಲಿಯೂ ಮಗ್ಗಗಳೇ, ಆದರೆ ನಮ್ಮ ಸೀರೆಯನ್ನು ಒಬ್ಬರೇ ಕೂತು ನೇಯುತ್ತಿದ್ದರು. ಅಪ್ಪ ಊಟಕ್ಕೆದ್ದಾಗ ನಾನು ಕುಣಿಗಿಳಿದು ನಾಲ್ಕು ಬೆರಳು ನೇಯ್ದು ಬಯ್ಯಿಸಿಕೊಂಡವಳು. ಅಷ್ಟಕ್ಕೇ ನೇಕಾರಿಕೆ ಬಂತೆಂದು ನನಗೆ ಧಿಮಾಕು ಇತ್ತು. ತಾಯಿ ಮಗ ಇಬ್ಬರೂ ಕೂತು ಇಷ್ಟು ನಿಧಾನವಾಗಿ ನೇಯುವುದನ್ನು ನೋಡಿ ಮನಸ್ಸಿನಲ್ಲೇ ನಗುತ್ತಿದ್ದೆ.

ಮಳೆಗಾಲಕ್ಕೆ ಮುಂಚೆ ಗಂಡನಿಗೆ ಜ್ವರ ಬಂತು. ಹಕೀಮರ ಕಷಾಯವೂ ಆಯಿತು, ದವಾಖಾನೆಯ ಗುಳಿಗೆಯೂ ಆಯಿತು. ಜ್ವರ ಇಳಿಯಲಿಲ್ಲ. ಅವರು ಹೋದ ಮೇಲೆ ಮಗ್ಗಕ್ಕೆ ಉದ್ದುದ್ದ ಬಿಗಿದು ಅರ್ಧಕ್ಕೆ ನಿಂತ ನೂಲಿನ ಹಾಸಿನ ಮೇಲೆ ಧೂಳು ಕೂತಿತು. ಕರ್ಮ ಎಲ್ಲ ಮುಗಿದ ಮೇಲೆ ಒಂದು ಬೆಳಗ್ಗೆ ಅತ್ತೆ ಧೂಳು ಕೊಡವಿ, ಬಲಗಡೆಯ ತಮ್ಮ ಜಾಗದಲ್ಲಿ ಕೂತು, ನನ್ನ ಕಡೆ ನೋಡದೆ ಹೇಳಿದರು:

"ಇಳಿ."

ನಾನು ಇಳಿದೆ. ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತೆ. ಅವರಿಗಿಂತ ನಾನು ಗಿಡ್ಡ. ಕಾಲು ಕುಣಿಯ ತಳ ಮುಟ್ಟಲಿಲ್ಲ. ಕೆಳಗೆ ಒಂದು ಕಲ್ಲು ಇಟ್ಟುಕೊಂಡೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಇಡೀ ಹಗಲು ತೋಳಿಗೆ ತೋಳು ತಾಗುವಷ್ಟು ಹತ್ತಿರ ಕೂತಿರುತ್ತಿದ್ದೆವು. ಅತ್ತೆ ಒಂದು ಸಲವಾದರೂ ನನ್ನ ಮುಖ ನೋಡಿದರೆ ಕೇಳಿ. ಏನಾದರೂ ಹೇಳುವುದಿದ್ದರೆ ಮಗ್ಗಕ್ಕೆ ಹೇಳುತ್ತಿದ್ದರು. "ಎಳಿ ಸಡ್ಲ ಆಗೈತಿ," "ಕಂಡಿಕಿ ಮುಗೀತು," ಇಷ್ಟೇ. ಹಲಗೆಯ ಬಡಿತ ಮಾತ್ರ ಮೊದಲಿಗಿಂತ ಜೋರಾಗಿತ್ತು. ಓಣಿಯ ಒಂದಿಬ್ಬರು ಹೆಂಗಸರು ನನ್ನ ಕಾಲ್ಗುಣದ ಬಗ್ಗೆ ಆಡಿಕೊಂಡಿದ್ದು ನನ್ನ ಕಿವಿಗೂ ಬಿದ್ದಿತ್ತು. ಅತ್ತೆಯ ಮನಸ್ಸಿನಲ್ಲೂ ಅದೇ ಇದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಮಗನನ್ನು ತಿಂದುಕೊಂಡು ಅವನ ಜಾಗದಲ್ಲಿ ಬಂದು ಕೂತಿದ್ದಾಳೆ: ಪ್ರತಿ ಬಡಿತದಲ್ಲೂ ನನಗೆ ಕೇಳಿಸುತ್ತಿದ್ದದ್ದು ಇದೇ. ರಾಟೆಯ ಮುಂದೆ ಒಂದಿಷ್ಟು ಅತ್ತದ್ದು ಬಿಟ್ಟರೆ ದುಃಖ ಮಾಡುವುದಕ್ಕೆ ನನಗೆ ಪುರಸತ್ತೇ ಇರಲಿಲ್ಲ, ಸಿಟ್ಟೇ ಎಲ್ಲ ಹೊತ್ತನ್ನೂ ತಿಂದುಹಾಕಿತ್ತು. ಸಿಟ್ಟು ಬಂದ ಕೈ ರೇಷ್ಮೆಯನ್ನು ಬಿಗಿಯಾಗಿ ಎಳೆಯುತ್ತದೆ. ನನಗದು ಗೊತ್ತಾಗಲಿಲ್ಲ, ಯಾಕೆಂದರೆ ಮಗ್ಗದ ಮೇಲಿರುವ ತನಕ ಬಟ್ಟೆ ತನ್ನ ತಪ್ಪು ತೋರಿಸುವುದಿಲ್ಲ. ಹಿಂದೆ ಹಗ್ಗ, ಮುಂದೆ ಮರ, ಅಡ್ಡಕ್ಕೆ ಕಡ್ಡಿ, ಎಲ್ಲವೂ ಅದನ್ನು ಹಿಗ್ಗಿಸಿ ಹಿಡಿದಿರುತ್ತವೆ. ಎಲ್ಲ ಸಮವಾಗಿಯೇ ಕಾಣುತ್ತದೆ.

ಆ ಹಾಸಿನಲ್ಲಿ ಇನ್ನೂ ಎರಡು ಸೀರೆಗಳು ಉಳಿದಿದ್ದವು. ಮೊದಲನೆಯದನ್ನು ಕೊಯ್ದು ಮಗ್ಗದಿಂದ ಇಳಿಸಿ ಮಂಚದ ಮೇಲೆ ಹಾಸಿದಾಗ ಎಡಗಡೆಯ ಕೂಡು ಉದ್ದಕ್ಕೂ ಸುಕ್ಕುಗಟ್ಟಿತು. ಬಲಗಡೆ ಗೆರೆ ಎಳೆದಂತಿತ್ತು. ಅತ್ತೆ ಒದ್ದೆ ಬಟ್ಟೆ ಹಾಕಿದರು, ತಂಬಿಗೆಯಲ್ಲಿ ಕೆಂಡ ತುಂಬಿ ತಿಕ್ಕಿದರು. ಬಟ್ಟೆ ಬಿಸಿ ಆರಿದ ಕೂಡಲೇ ಸುಕ್ಕು ವಾಪಸ್ ಬಂತು.

ನೂಲು, ರೇಷ್ಮೆ ಎಲ್ಲ ಕೊಟ್ಟು ನೇಯಿಸುತ್ತಿದ್ದ ಸಾವುಕಾರರು ಮಕ್ತಲ್‌ದವರು. ಹೊಳೆ ದಾಟಿ ಬಂದವರೇ ಸೀರೆಯನ್ನು ಬೆಳಕಿಗೆ ಹಿಡಿದು, ಎಡಗಡೆಯ ಕೂಡಿನ ಮೇಲೆ ಹೆಬ್ಬೆರಳು ಓಡಿಸಿದರು. ಕಟ್ಟುನಿಟ್ಟಿನವರಾದರೂ ಕೆಟ್ಟವರಲ್ಲ. ಮಗ ಹೋದ ಮನೆಯಲ್ಲಿ ದನಿ ಏರಿಸಬಾರದೆಂದು ಮೆಲ್ಲಗೆ ಹೇಳಿದರು:

"ಯವ್ವಾ, ಇದು ಮದಿವಿ ಮನಿ ಸೀರಿ. ಅವರು ನಾಪಸಂದ್ ಮಾಡ್ತಾರ. ನಿಮ್ಮ ಕೈ ಗುಣ ನನಗ ಗೊತ್ತೈತಿ. ಬಲಕ್ಕ ಏನೂ ತಕರಾರು ಇಲ್ಲ. ಎಡಕ್ಕ ಕೈ ಬದಲಾಗೈತಿ."

ಅತ್ತೆ ತಲೆ ತಗ್ಗಿಸಿದರು. "ಇನ್ನೊಂದು ಐತಲ್ರೀ ಸಾವ್ಕಾರ್ರ, ಅದು ನೋಡ್ರಿ."

"ನೋಡ್ತೀನಿ. ಅದೂ ಹಿಂಗ ಆದ್ರ ಹೊಸಾ ಹಾಸು ಬ್ಯಾರೆ ಮನಿಗೆ ಕೊಡಬೇಕಾಗ್ತೈತಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಹಾಸು ಬರದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಆ ಮನೆಯಲ್ಲಿ ನನಗೆ ಜಾಗವಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಆದರೂ ಅತ್ತೆ ಹೇಳಿದರು. ಅದೇ ವಾರ ನನ್ನನ್ನು ನೋಡಲು ನಾರಾಯಣಪೇಟೆಯಿಂದ ಅಣ್ಣ ಬಂದಿದ್ದ. ಅವನ ಕೈಗೆ ನೀರಿನ ತಂಬಿಗೆ ಕೊಡುತ್ತ ಅತ್ತೆ, "ಈ ಸೀರಿ ಇಳೀಲಿ, ಆಮ್ಯಾಲ ಬಂದು ನಿನ್ನ ತಂಗೀನ ಕರ್ಕೊಂಡು ಹೋಗಪಾ. ಇಲ್ಲಿ ಆಕಿಗೇನೈತಿ?" ಅಂದರು.

ಅಣ್ಣ ಒಪ್ಪಿಕೊಂಡ. ಅತ್ತಿಗೆ ಒಳ್ಳೆಯವಳೇ. ಆದರೂ ತವರಿಗೆ ಹಬ್ಬಕ್ಕೆ ಹೋಗುವುದು ಬೇರೆ, ಉಳಿಯಲು ಹೋಗುವುದು ಬೇರೆ. ಅಲ್ಲಿ ನನ್ನ ಕೈಗೆ ಕೆಲಸವಿರಲಿಲ್ಲ, ಊಟದ ತಟ್ಟೆ ಮಾತ್ರ ಇರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಗಂಡ ಬದುಕಿದ್ದ ಮನೆ ಇದು. ಅವರು ಕೂರುತ್ತಿದ್ದ ಜಾಗ ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಅತ್ತೆಯ ಮೇಲೆ ಅಷ್ಟು ಸಿಟ್ಟಿದ್ದೂ ಅವರ ಮನೆ ಬಿಡಲು ಮನಸ್ಸಿಲ್ಲದ ನನ್ನ ಫಜೀತಿ ಯಾರಿಗೂ ಬೇಡ.

ಎರಡನೆಯ ಸೀರೆಗೆ ಕೂತೆವು. ಈ ಸಲ ನಾವು ಮೂರ್ಖರಂತೆ ನೇಯ್ದುಕೊಂಡು ಹೋಗಲಿಲ್ಲ. ಒಂದು ಗೇಣು ಆದ ಕೂಡಲೇ ಹಿಂದಿನ ಹಗ್ಗ ಸಡಿಲಿಸಿ, ಕಡ್ಡಿ ತೆಗೆದು, ಬಟ್ಟೆಯನ್ನು ಬಿಟ್ಟು ನೋಡಿದೆವು. ಸುಕ್ಕು. ಬಿಚ್ಚಿದೆವು. ಎಡ ಅಂಚಿನ ರೇಷ್ಮೆ ಹಾಸಿನ ಎಳೆಗಳಿಗೆ ತೂಗುಬಿಟ್ಟ ಕಲ್ಲು ಭಾರವಾಯಿತೇನೋ ಎಂದು ಹಗುರ ಕಲ್ಲು ಕಟ್ಟಿದೆವು. ಮತ್ತೆ ಸುಕ್ಕು. ಹತ್ತಿಗೆ ಹಾಕಿದ ಗಂಜಿ ಹೆಚ್ಚಾಗಿರಬಹುದೆಂದು ಒದ್ದೆ ಕೈಯಲ್ಲಿ ಸವರಿ ಮೆತ್ತಗೆ ಮಾಡಿದೆವು. ಕಂಡಿಕೆಯನ್ನು ನಾನು ಸಡಿಲಾಗಿ ಸುತ್ತಿ ಕೊಟ್ಟೆ. ಒಂದು ಸಲ ಇಷ್ಟು ಸಡಿಲ ಮಾಡಿದೆ ಎಂದರೆ ಕೂಡಿನಲ್ಲಿ ಕಿಂಡಿಯೇ ಬಿತ್ತು, ಬೆಳಕು ಕಾಣಿಸಿತು. ಬಿಚ್ಚಿ ಬಿಚ್ಚಿ ರೇಷ್ಮೆ ನವಿರೆದ್ದು ಜಡೆಗಟ್ಟತೊಡಗಿತು. ಹೀಗೆ ಇನ್ನು ನಾಲ್ಕು ಸಲ ಬಿಚ್ಚಿದರೆ ಅಂಚಿಗೆ ರೇಷ್ಮೆಯೇ ಉಳಿಯುತ್ತಿರಲಿಲ್ಲ.

ಕೊನೆಗೆ ಅತ್ತೆ ಮಗ್ಗಕ್ಕೇ ಹೇಳಿದರು: "ಕಲ್ಲಿಂದೂ ಅಲ್ಲ, ಗಂಜೀದೂ ಅಲ್ಲ. ಕೈದು."

ನನಗೆ ತಡೆಯಲಾಗಲಿಲ್ಲ. "ಕೈದಲ್ಲರೀ ಅತ್ತಿ, ಬಡತಾದು. ನಾ ಇನ್ನಾ ಎಳಿ ಸಿಕ್ಕಿಸಿರಂಗಿಲ್ಲ, ಅಷ್ಟರಾಗ ನೀವು ಹಲಗಿ ಬಡದಿರ್ತೀರಿ. ನಾ ಏನ್ ಮಾಡ್ಲಿ? ಎಳಕೋಬೇಕಾಗ್ತೈತಿ."

"ಮೂವತ್ತು ವರ್ಸದಿಂದ ಬಡದೀನಿ ನಾ. ಆಗ ಯಾವಾಗೂ ಸುಕ್ಕು ಬಿದ್ದಿಲ್ಲ."

"ಹಂಗಾರ ನೀವು ಈ ಕಡೆ ಬರ್ರಿ. ನಾ ಆ ಕಡೆ ಕುಂದ್ರತೀನಿ. ಯಾರ ತಪ್ಪು ಐತಿ ಗೊತ್ತಾಗ್ಲಿ."

ಇದನ್ನು ನಾನು ದೊಡ್ಡ ವಿವೇಕದಿಂದ ಹೇಳಿದ್ದೆಂದು ಯಾರೂ ತಿಳಿಯಬಾರದು. ಅವರು ಎಡಗಡೆ ಕೂತು, ನಾನು ಅವರಂತೆಯೇ ಧಡಧಡ ಬಡಿದು, ಅವರ ಕೂಡಿಗೂ ಸುಕ್ಕು ಬೀಳಬೇಕು, ಆಗ ಮುಖ ಹೇಗಾಗುತ್ತದೋ ನೋಡಬೇಕು ಎಂಬ ಆಸೆ ನನ್ನದು. ಅತ್ತೆ ಹಲಗೆಯ ಮೇಲಿಂದ ಕೈ ತೆಗೆಯಲಿಲ್ಲ. ಬಲಗಡೆಯ ಜಾಗ ಬಿಡುವುದಕ್ಕೆ ದೊಡ್ಡಸ್ತಿಕೆ ಅಡ್ಡ ಬರುತ್ತಿದೆ ಎಂದುಕೊಂಡೆ. ಆಮೇಲೆ ಅವರು ಎದ್ದು ಸುತ್ತಿ ಬಂದು, ನನ್ನ ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಮಗನ ಜಾಗದಲ್ಲಿ ಮೆಲ್ಲಗೆ ಇಳಿದು ಕೂತರು. ಅವರು ಆ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದ್ದನ್ನು ಕಂಡೆ. ಧೂಳು ಒರೆಸುತ್ತಿದ್ದಾರೆ ಎಂದುಕೊಂಡೆ. ಸಿಟ್ಟು ಇರುವಾಗ ಕಣ್ಣಿಗೆ ಎಲ್ಲವೂ ಬೀಳುತ್ತದೆ, ತಲೆಗೆ ಹೋಗುವುದಿಲ್ಲ.

ನಾನು ಬಲಗಡೆ ಕೂತು ಮಣೆ ತುಳಿದೆ. ಬಲ ಅಂಚಿನ ಲಾಳಿ, ಕೂಡು, ಒಡಲಿನ ಲಾಳಿ, ಎಲ್ಲ ಸಲೀಸಾಗಿ ಆಯಿತು. ಒಡಲಿನ ಲಾಳಿ ಅತ್ತ ಮುಟ್ಟಿತೇ ಎಂದು ನೋಡಲು ಎಡಕ್ಕೆ ತಿರುಗಿದೆ.

ಅಲ್ಲಿ ನನ್ನ ಗಂಡ ಕೂತಿದ್ದರು. ಒಂದು ಕ್ಷಣ ಹಾಗೇ ಅನಿಸಿತು, ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಎಳೆ ಸಿಕ್ಕಿಸುವಾಗ ಅವರು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಿದ್ದರು, ಹುಬ್ಬು ಒಂದು ಕಡೆ ಏರುತ್ತಿತ್ತು. ಅದೇ ನಾಲಿಗೆ, ಅದೇ ಹುಬ್ಬು, ಅದೇ ಮೂಗು. ಇಷ್ಟು ವರ್ಷ ಅತ್ತೆಯನ್ನು ಬಲಗಡೆಯಲ್ಲೇ ನೋಡಿದ್ದರಿಂದ ಮಗ ಯಾರ ಹೋಲಿಕೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕಣ್ಣು ತಾನಾಗಿ ಕೆಳಗಿಳಿಯಿತು. ಅತ್ತ ನೋಡುವುದು ಬೇಡವೆಂದು ಹಲಗೆ ಎಳೆದು ಬಡಿದೆ.

ಅತ್ತೆಯ ಎಳೆ ಇನ್ನೂ ಅರ್ಧದಲ್ಲಿತ್ತು. ಅವರು ಗಡಿಬಿಡಿಯಲ್ಲಿ ರೇಷ್ಮೆಯನ್ನು ಜಗ್ಗಿದರು, ಥೇಟ್ ನಾನು ಜಗ್ಗುತ್ತಿದ್ದ ಹಾಗೆ.

ನನ್ನ ಕೈ ಹಲಗೆಯ ಮೇಲೇ ನಿಂತುಹೋಯಿತು. ಧಡಧಡ ಬಡಿದು ಅವರಿಗೆ ತೋರಿಸಬೇಕೆಂದು ಬಂದವಳು ನಾನು. ಆದರೆ ಈಗ ಬಡಿದದ್ದು ಹಟಕ್ಕಲ್ಲ. ಎಡಗಡೆ ನೋಡಲಾರದೆ ಬಡಿದಿದ್ದೆ. ಒಂದೇ ಸಲ ನೋಡಿದ್ದಕ್ಕೆ ನನಗೆ ಹೀಗಾದರೆ, ಅತ್ತೆ ಇಷ್ಟು ತಿಂಗಳು ದಿನಕ್ಕೆ ಸಾವಿರ ಸಲ ಆ ಕಡೆ ತಿರುಗಬೇಕಿತ್ತು. ತಿರುಗಿದರೆ ಕಾಣುವುದು ಮಗನಲ್ಲ, ನಾನು. ಅವರು ನನ್ನ ಮುಖ ನೋಡದೆ ಇದ್ದದ್ದು ನನ್ನ ಮೇಲಿನ ದ್ವೇಷಕ್ಕೆ ಎಂದು ಎಷ್ಟು ಗಟ್ಟಿಯಾಗಿ ನಂಬಿದ್ದೆ! ಅವರ ಜಾಗದಲ್ಲಿ ಕೂತರೆ ಅದು ಎಷ್ಟು ಸರಳವಾಗಿತ್ತು. ಅವರಿಗೆ ನೋಡಲು ಆಗುತ್ತಿರಲಿಲ್ಲ, ಅಷ್ಟೇ. ನೋಡದೆ ಬಡಿಯುತ್ತಿದ್ದರು. ನೋಡದೆ ಬಡಿದಿದ್ದಕ್ಕೆ ನಾನು ಎಳೆಯುತ್ತಿದ್ದೆ. ಎಳೆದಿದ್ದಕ್ಕೆ ಸುಕ್ಕು.

ಇದನ್ನೆಲ್ಲ ಬಾಯಲ್ಲಿ ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಇರಲಿಲ್ಲ. ನಾನು ಹೇಳಿದ್ದು ಇಷ್ಟೇ: "ಇನ್ನೊಂದ್ ಸಲ ಮಾಡೋಣ್ರಿ ಅತ್ತಿ. ನಾ ನಿಮ್ಮನ್ನ ನೋಡಿಕೊಂತ ಬಡೀತೀನಿ."

ಅವರು ರೇಷ್ಮೆಯ ಲಾಳಿಯನ್ನು ಕೈಗೆ ತೆಗೆದುಕೊಂಡರು. ನಾನು ಲಾಳಿ ಕಳಿಸಿ ಎಡಕ್ಕೆ ತಿರುಗಿದೆ. ಕಣ್ಣಿಳಿಸಲಿಲ್ಲ. ಅತ್ತೆ ಎಳೆ ಸಿಕ್ಕಿಸಿದರು, ಹದಕ್ಕೆ ತಂದರು, ಲಾಳಿ ದಾಟಿಸಿದರು. ಆಮೇಲೆ ಅವರ ಗಂಟಲಿನಿಂದ ಒಂದು ಸಣ್ಣ ದನಿ ಬಂತು: "ಹಾಂ." ನಾನು ಬಡಿದೆ.

ಆ "ಹಾಂ" ನನ್ನ ಕಿವಿಗೆ ಹೊಸದಲ್ಲ. ಗಂಡ ಎಡಗಡೆ ಕೂತು ದಿನವಿಡೀ ಅದನ್ನು ಅನ್ನುತ್ತಿದ್ದರು. ರಾಟೆಯ ಗುರ್ರ್ ಸದ್ದಿನಲ್ಲಿ ಅದು ಏನೋ ಗುನುಗುವ ಅಭ್ಯಾಸ ಎಂದುಕೊಂಡಿದ್ದೆ. ಅದು ಕೆಲಸದ ಮಾತು. ಎಳೆ ಕೂತಿತು, ಇನ್ನು ಬಡಿ ಎಂದು ಅದರ ಅರ್ಥ. ಅತ್ತೆ ಹೊಸ ಸೊಸೆಯಾಗಿ ಬಂದಾಗ ಮಾವನವರ ಎಡಗಡೆ ಕೂತು ಕಲಿತದ್ದು. ಆಮೇಲೆ ಮಗನಿಗೆ ಕಲಿಸಿದರು. ನನಗೆ ಮಾತ್ರ ಕಲಿಸಲಿಲ್ಲ. ಯಾಕೆಂದು ಈಗ ಕೇಳಬೇಕಾಗಿರಲಿಲ್ಲ.

ಗೇಣುದ್ದ ಆದ ಮೇಲೆ ಹಗ್ಗ ಸಡಿಲಿಸಿ ಕಡ್ಡಿ ತೆಗೆದೆವು. ಬಟ್ಟೆ ಹಾಗೇ ಚಪ್ಪಟೆಯಾಗಿ ಮಲಗಿತ್ತು. ಅತ್ತೆ ಕೂಡಿನ ಮೇಲೆ ಕೈಯಾಡಿಸಿ, "ನೋಡು, ಕೈದಽ," ಅಂದರು. ಸೋಲೊಪ್ಪುವ ಹೆಂಗಸಲ್ಲ ಅವರು. ನನಗೆ ನಗು ಬಂತು. ಎಷ್ಟು ದಿನಗಳ ಮೇಲೆ ಬಂದ ನಗುವೋ.

ಹೀಗೇ ಮುಗಿದಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಮಣೆ ತುಳಿಯಲು ನನ್ನ ಕಾಲು ಮೋಟು. ಮರುದಿನಕ್ಕೇ ಸೊಂಟ ಹಿಡಿದುಕೊಂಡಿತು. ಬಲಗಡೆ ಅತ್ತೆಯೇ ಕೂರಬೇಕು, ಎಡಗಡೆ ನಾನೇ. ನಾನು ನನ್ನ ಕಲ್ಲನ್ನು ಮತ್ತೆ ಇಟ್ಟುಕೊಂಡು ಕೂತೆ. ಲಾಳಿ ಬಂತು. ಎಳೆ ಸಿಕ್ಕಿಸಿದೆ, ದಾಟಿಸಿದೆ, ಅವರಿಂದ ಕಲಿತಂತೆ "ಹಾಂ" ಅಂದೆ.

ಹಲಗೆ ಬಡಿಯಲಿಲ್ಲ. ಅತ್ತೆ ಅದನ್ನು ಹಿಡಿದುಕೊಂಡೇ ಕೂತಿದ್ದರು. ಆಮೇಲೆ ಎದ್ದು ಹಿತ್ತಲಿಗೆ ಹೋದರು. ಬಾನಿಯ ನೀರಿನ ಸದ್ದು ಕೇಳಿಸಿತು. ನಾನು ಕುಣಿಯಲ್ಲೇ ಕೂತು, ಎಲ್ಲ ಹಾಳು ಮಾಡಿದೆ ಎಂದುಕೊಂಡೆ. ಮೊದಲಿನ ನಾನಾಗಿದ್ದರೆ, ನನ್ನ ದನಿಯನ್ನೂ ಈಕೆ ಸಹಿಸಲಾರಳು ಎಂದು ಕುದಿಯುತ್ತಿದ್ದೆ. ಕುದಿ ಏಳುವುದಕ್ಕೆ ಶುರುವಾಯಿತು ಕೂಡ. ನಾನು ಕುಣಿಯಿಂದ ಎದ್ದು, ಬಲಗಡೆಯ ಅವರ ಜಾಗಕ್ಕೆ ಹೋಗಿ ಕೂತೆ, ಎಡಕ್ಕೆ ತಿರುಗಿ ನೋಡಿದೆ. ಖಾಲಿ ಜಾಗ, ನನ್ನ ಕಲ್ಲು. ಕುದಿ ಇಳಿಯಿತು. ದುಃಖ ಇಳಿಯಲಿಲ್ಲ, ಅದು ಇಳಿಯುವಂಥದ್ದೂ ಅಲ್ಲ. ಆದರೆ ಅದು ಈಗ ನನ್ನೊಬ್ಬಳದೇ ಆಗಿರಲಿಲ್ಲ. ನಾನು ಎದ್ದು ಮತ್ತೆ ನನ್ನ ಜಾಗಕ್ಕೆ ಬಂದೆ.

ಅತ್ತೆ ಮುಖ ತೊಳೆದುಕೊಂಡು ಬಂದು ಕೂತರು. ಸೆರಗಿನಿಂದ ಒರೆಸಿಕೊಂಡು, ಮೊದಲ ಸಲ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು.

"ಅನ್ನು ಮತ್ತೊಮ್ಮಿ," ಅಂದರು.

"ಹಾಂ," ಅಂದೆ. ಅವರು ಬಡಿದರು.

ಆ ಸೀರೆ ಮುಗಿಯುವ ತನಕ ನಾವು ಹೆಚ್ಚೇನೂ ಮಾತಾಡಲಿಲ್ಲ. ಅವರ ನಾಲಿಗೆ ಮೊದಲಿನಷ್ಟೇ ಚುರುಕು. ಸಾರಿಗೆ ಉಪ್ಪು ಹೆಚ್ಚಾದರೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನನಗೂ ಸಿಟ್ಟು ಬರುತ್ತಿತ್ತು. ಬಂದಾಗ ಕಂಡಿಕೆ ತರುವ ನೆಪ ಮಾಡಿ ಎದ್ದು, ಬಲಗಡೆಯಿಂದ ಸುತ್ತಿಕೊಂಡು ಬರುತ್ತಿದ್ದೆ. ಸಿಟ್ಟಿಗೆ ಮನುಷ್ಯರು ಕೂತಲ್ಲೇ ಕೂತಿರಬೇಕು, ಆಗಲೇ ಅದಕ್ಕೆ ಬಲ. ಎದ್ದು ನಾಲ್ಕು ಹೆಜ್ಜೆ ಆಚೆ ನಿಂತು ನೋಡಿದರೆ ಅತ್ತೆ ಬರೀ ಒಬ್ಬ ಮುದುಕಿಯಂತೆ, ಮಗನನ್ನು ಕಳೆದುಕೊಂಡು ಹಲಗೆ ಬಡಿಯುತ್ತಿರುವ ಮುದುಕಿಯಂತೆ ಕಾಣುತ್ತಿದ್ದರು. ಪಕ್ಕದ ಖಾಲಿ ಜಾಗದಲ್ಲಿ ಕೂರಬೇಕಾದ ಹೆಂಗಸೂ ನನಗೆ ಕಾಣುತ್ತಿದ್ದಳು. ಅವಳ ಮೇಲೂ ಕನಿಕರ ಬರುತ್ತಿತ್ತು. ಪ್ರತಿ ಸಲವೂ ಇದು ಕೈಗೂಡಿತೆಂದು ಹೇಳಲಾರೆ. ಎಷ್ಟೋ ಸಲ ಸುತ್ತಿ ಬಂದರೂ ಸಿಟ್ಟು ಜೊತೆಗೇ ಬಂದು ಕೂರುತ್ತಿತ್ತು. ಅಂಥ ದಿನ ಲಾಳಿಯನ್ನು ಇನ್ನಷ್ಟು ನಿಧಾನವಾಗಿ ಓಡಿಸುತ್ತಿದ್ದೆವು.

ಸೀರೆ ಇಳಿಸುವ ದಿನಕ್ಕೆ ಸಾವುಕಾರರಿಗೆ ಖಬರ್ ಹೋಗಿತ್ತು. ಹೇಳಿದ ಮಾತಿನಂತೆ ಅಣ್ಣನೂ ಗಾಡಿ ಕಟ್ಟಿಸಿಕೊಂಡು ಬಂದಿದ್ದ. ನನ್ನ ಟ್ರಂಕಿಗೆ ಬಟ್ಟೆ ತುಂಬಿ ಆಗಿತ್ತು; ಬೇಡವೆಂದು ಯಾರೂ ಹೇಳಿರಲಿಲ್ಲ, ಕೇಳುವ ಧೈರ್ಯ ನನಗೂ ಬಂದಿರಲಿಲ್ಲ. ಅತ್ತೆ ಕತ್ತರಿ ಹಾಕಿ ಸೀರೆಯನ್ನು ಮಂಚದ ಮೇಲೆ ಹಾಸಿದರು. ಸಾವುಕಾರರು ಎಡಗಡೆಯ ಕೂಡಿನ ಮೇಲೆ ಈ ತುದಿಯಿಂದ ಆ ತುದಿಗೆ ಹೆಬ್ಬೆರಳು ಓಡಿಸಿದರು. ತಿರುವಿ ಹಾಕಿ ಮತ್ತೊಮ್ಮೆ ಓಡಿಸಿದರು. ಅಷ್ಟು ಹೊತ್ತು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಅಚ್ಛಾ ಐತಿ," ಅಂದರು ಸಾವುಕಾರರು. "ಎಡಕ್ಕ ಯಾರನ್ನ ಕುಂದರ್ಸಿದ್ರಿ ಯವ್ವಾ? ಹೊಸಬ್ರು ಯಾರರ ಸಿಕ್ಕ್ರೇನು?"

"ಹೊಸಬ್ರು ಯಾರೂ ಇಲ್ರಿ. ನಮ್ಮ ಮನಿಯವ್ರಽ," ಅಂದರು ಅತ್ತೆ.

ಸಾವುಕಾರರು ಹೊಸ ಹಾಸಿನ ಗಂಟು ಇಳಿಸಿಕೊಟ್ಟು ಹೊರಟರು. ಅಣ್ಣ ಎದ್ದು ಟ್ರಂಕಿಗೆ ಕೈ ಹಾಕಿ, "ನಡಿ ತಂಗಿ, ಬಿಸಲಾಗೂದ್ರಾಗ ಹೊಳಿ ದಾಟೂನು," ಅಂದ.

ಅತ್ತೆ ಅವನ ಕೈಯಿಂದ ಟ್ರಂಕು ಇಸಿದುಕೊಂಡು ಒಳಗಿನ ಗೋಡೆಗೆ ಒತ್ತಿ ಇಟ್ಟರು.

"ಉಂಡು ಹೋಗಪಾ," ಅಂದರು. "ಹಬ್ಬಕ್ಕ ಬಂದು ಕರ್ಕೊಂಡು ಹೋಗು, ನಾಕ್ ದಿನ ಇಟ್ಕೊಂಡು ಕಳ್ಸು. ಆಕಿ ಮನಿ ಬಿಟ್ಟು ಆಕಿ ಎಲ್ಲಿಗೆ ಬರ್ತಾಳ?"

ನಾನು ಒಲೆ ಹಚ್ಚುವ ನೆಪದಲ್ಲಿ ಅಡುಗೆಮನೆಗೆ ಓಡಿದೆ. ಜೋಳದ ಹಿಟ್ಟನ್ನು ನಾದುವ ಕೊಣಮಿಗೆಗೆ ಹಾಕಿಕೊಂಡು ಕೂತೆ, ಕಲಸಲು ಕೈ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಎದುರಿಗೆ ಕೂತರು. ಕೊಣಮಿಗೆ ತಮ್ಮ ಕಡೆ ಎಳೆದುಕೊಂಡರು, ಅವರಿಗೂ ಕಲಸಲು ಆಗಲಿಲ್ಲ. ನನ್ನ ಗಂಡ ಹೋದಂದಿನಿಂದ ಅತ್ತೆ ಹಿತ್ತಲಿನಲ್ಲಿ ಅಳುತ್ತಿದ್ದರು, ನಾನು ರಾಟೆಯ ಮುಂದೆ ಅಳುತ್ತಿದ್ದೆ. ಅವತ್ತು ಮೊದಲ ಸಲ ಇಬ್ಬರೂ ಒಂದೇ ಕಡೆ ಕೂತು ಅತ್ತೆವು. ಹೊರಗೆ ಹಸಿದ ಅಣ್ಣ ಎರಡು ಸಲ ಕೆಮ್ಮಿದ. ಆಮೇಲೆ ಎದ್ದು ಹೋಗಿ ಗಾಡಿಯ ಎತ್ತು ಬಿಚ್ಚಿದ.